ದೊಡ್ಡ ವೋಟು, ಸಣ್ಣ ವೋಟು

(ಮಂಗಳೂರಿನ ಒಂದು ವಾರ್ಡಿನ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿದ್ದೇನೆ. ಮರೆತುಹೋದ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಒಂದು ತಪ್ಪೊಪ್ಪಿಗೆ. ಹೊರಗಿನ ಬ್ಯಾನರಿನಲ್ಲಿ ‘ಆರೋಗ್ಯ’ ಅಂತ ದೊಡ್ಡದಾಗಿ, ‘ಮತದಾನ’ ಅಂತ ಸಣ್ಣದಾಗಿ ಬರೆದಿದ್ದಾರೆ. ಅದನ್ನು ನೋಡಿ ಶುಗರ್ ಟೆಸ್ಟ್ ಉಂಟು ಅಂದುಕೊಂಡು ಇಬ್ಬರು ಹಿರಿಯರು ಖಾಲಿ ಹೊಟ್ಟೆಯಲ್ಲಿ ಬಂದಿದ್ದಾರೆ. ಅವರಿಗೆ ಈಗಷ್ಟೇ ಚಹಾ, ಬನ್ಸ್ ಕೊಡಿಸಿದೆವು. ಶುಗರ್ ಇದ್ದವರಿಗೆ ಬನ್ಸ್ ಕೊಡಬಾರದು, ನನಗೂ ಗೊತ್ತು. ಕ್ಯಾಂಟೀನಿನಲ್ಲಿ ಇದ್ದದ್ದು ಅದೊಂದೇ.

ನಾನು ಮೂವತ್ತು ವರ್ಷಕ್ಕೂ ಮೇಲೆ ಆರೋಗ್ಯ ಇಲಾಖೆಯಲ್ಲಿ ಆರೋಗ್ಯ ಸಹಾಯಕನಾಗಿದ್ದವನು. ಡಾಕ್ಟರಲ್ಲ. ಜ್ವರ ಬಂದವರ ಮನೆ ಹುಡುಕಿಕೊಂಡು ಹೋಗಿ ಬೆರಳು ಚುಚ್ಚಿ, ಗಾಜಿನ ಪಟ್ಟಿಗೆ ಒಂದು ಹನಿ ರಕ್ತ ಹಚ್ಚುವುದು, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಟೆರೇಸ್ ಹತ್ತಿ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡುವುದು, ಇಂಥ ಕೆಲಸ. ನಡುವೆ ಎರಡು ಸಲ ಚುನಾವಣಾ ಡ್ಯೂಟಿಯೂ ಬಿತ್ತು. ಬೆರಳಿಗೆ ಶಾಯಿ ಹಚ್ಚುವ ಕುರ್ಚಿಯಲ್ಲಿ ಕೂತಿದ್ದೆ. ಒಬ್ಬರು ಅಜ್ಜಿ ನನ್ನ ಮುಖ ನೋಡಿದವರೇ ಕೈ ಹಿಂದೆಳೆದುಕೊಂಡರು. ‘ಇವತ್ತೂ ಚುಚ್ಚುತ್ತೀರಾ?’ ಅಂದರು. ಇಡೀ ಬೂತು ನಕ್ಕಿತು. ಅಜ್ಜಿ ಮಾತ್ರ ನಗಲಿಲ್ಲ, ನಿಜಕ್ಕೂ ಹೆದರಿದ್ದರು.

ಶಾಯಿ ಎಡಗೈಯ ತೋರುಬೆರಳಿಗೆ. ಸೂಜಿ ಅದರಿಂದ ಎರಡು ಬೆರಳು ಆಚೆಗೆ. ಆ ಎರಡು ಬೆರಳಿನ ನಡುವೆ ಏನು ಸಂಬಂಧ ಅನ್ನುವುದೇ ಇವತ್ತಿನ ವಿಷಯ.

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. 2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ ಆಯಿತಲ್ವಾ? ದಕ್ಷಿಣ ಕನ್ನಡದಲ್ಲಿ ನೂರಕ್ಕೆ 77 ಚಿಲ್ಲರೆ. ಉಡುಪಿ-ಚಿಕ್ಕಮಗಳೂರಿನಲ್ಲೂ 77. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ 53. ನಮಗೆ ಹೆಮ್ಮೆ. ಬುದ್ಧಿವಂತರ ಜಿಲ್ಲೆ ಅಂತ ನಾವೇ ಹೇಳಿಕೊಂಡದ್ದು ಜಾಸ್ತಿ, ಬೇರೆಯವರ ಬಾಯಲ್ಲಿ ಕೇಳಿದ್ದು ಕಡಿಮೆ. ಆದರೆ ಆ ದಿನ ಸ್ವಲ್ಪ ಹೇಳಿಕೊಳ್ಳಬಹುದಿತ್ತು.

ಈಗ ಇನ್ನೊಂದು. 2019ರ ನವೆಂಬರಿನಲ್ಲಿ ನಮ್ಮ ಮಹಾನಗರ ಪಾಲಿಕೆಯ 60 ವಾರ್ಡುಗಳಿಗೆ ಚುನಾವಣೆ ನಡೆಯಿತು. ಬಂದವರು ಹೆಚ್ಚುಕಮ್ಮಿ ನೂರಕ್ಕೆ 60. ಇಡೀ ಜಿಲ್ಲೆಯ ಲೆಕ್ಕವನ್ನೂ ಪೇಟೆಯ ಲೆಕ್ಕವನ್ನೂ ಹೀಗೆ ಪಕ್ಕಪಕ್ಕ ಇಡುವುದು ಪೂರ್ತಿ ಸರಿಯಲ್ಲ, ಪೇಟೆಯಲ್ಲಿ ಯಾವಾಗಲೂ ಸ್ವಲ್ಪ ಕಡಿಮೆಯೇ. ಆದರೂ ನಮಗೆಲ್ಲ ಗೊತ್ತಿರುವ ವಿಷಯ ಅದು. ದಿಲ್ಲಿಯ ವೋಟಿಗೆ ಮುಂಬೈಯಿಂದ ಬಸ್ಸು ಹತ್ತಿ ಬರುತ್ತೇವೆ. ವಾರ್ಡಿನ ವೋಟಿನ ದಿನ ಮಧ್ಯಾಹ್ನ ಊಟ ಮಾಡಿ, ಸ್ವಲ್ಪ ಮಲಗಿ, ಆಮೇಲೆ ನೋಡುವ ಅನ್ನುತ್ತೇವೆ.

ಹಳ್ಳಿಯಲ್ಲಿ ಹಾಗಲ್ಲ. ಪಂಚಾಯತ್ ಚುನಾವಣೆಗೆ ಜನ ನುಗ್ಗುತ್ತಾರೆ. ಒಂದೇ ಮನೆಯ ಅಣ್ಣ-ತಮ್ಮ ಮಾತು ಬಿಡುವಷ್ಟು ಬಿಸಿ ಇರುತ್ತದೆ. ಆದರೆ ಗೆಲ್ಲಿಸಿದ ಮೇಲೆ ಗ್ರಾಮಸಭೆಗೆ ಯಾರೂ ಇಲ್ಲ. ಆ ಕಥೆಗೆ ಆಮೇಲೆ ಬರುತ್ತೇನೆ.

ನನಗೆ ಚೆನ್ನಾಗಿ ಗೊತ್ತಿರುವುದು ಸೊಳ್ಳೆ. ಮಂಗಳೂರಿನ ಮಲೇರಿಯಾದ ಹೆಸರು ರಾಜ್ಯಕ್ಕೇ ಗೊತ್ತು. ತೊಂಬತ್ತರ ದಶಕದಲ್ಲಿ ಇಲ್ಲಿ ಕಟ್ಟಡಗಳು ಏಳಲು ಶುರುವಾದವು, ಜ್ವರವೂ ಜೊತೆಗೇ ಎದ್ದಿತು. ಪೇಟೆಯ ಮಲೇರಿಯಾ ತರುವುದು ಅನಾಫಿಲಿಸ್ ಸ್ಟೆಫೆನ್ಸಿ ಅನ್ನುವ ಸೊಳ್ಳೆ. ಅದಕ್ಕೆ ಕೊಳಚೆ ಬೇಡ, ಚೊಕ್ಕ ನೀರು ಬೇಕು. ಮುಚ್ಚಳ ಇಲ್ಲದ ಟ್ಯಾಂಕು, ಸ್ಲ್ಯಾಬ್ ಮೇಲೆ ಕ್ಯೂರಿಂಗಿಗೆ ಕಟ್ಟಿ ನಿಲ್ಲಿಸಿದ ನೀರು, ಇನ್ನೂ ಲಿಫ್ಟ್ ಕೂರಿಸದ ಲಿಫ್ಟ್ ಗುಂಡಿ. ಟಾರ್ಚ್ ಬಿಟ್ಟರೆ ಕಾಣುತ್ತದೆ. ಮಲೇರಿಯಾ ಸೊಳ್ಳೆಯ ಮರಿ ನೀರಿನ ಮೇಲೆ ಚಪ್ಪಟೆಯಾಗಿ ಮಲಗಿರುತ್ತದೆ, ಕಸದ ಕಡ್ಡಿಯ ಹಾಗೆ. ಡೆಂಗ್ಯು ಸೊಳ್ಳೆಯ ಮರಿ ತಲೆ ಕೆಳಗಾಗಿ ನೇತಾಡುತ್ತದೆ. ಮನೆಯ ಮಕ್ಕಳಿಗೆ ಒಮ್ಮೆ ತೋರಿಸಿದರೆ ಸಾಕು. ಆಮೇಲೆ ಅವರೇ ಟೆರೇಸ್ ಹತ್ತುತ್ತಾರೆ, ತಾಯಂದಿರು ನನಗೆ ಬೈಯುತ್ತಾರೆ.

ಈಗ ಹೇಳಿ, ಆ ಲಿಫ್ಟ್ ಗುಂಡಿಯ ನೀರು ಯಾರ ಕೈಯಲ್ಲಿ ಉಂಟು? ಪ್ರಧಾನಿಯ ಕೈಯಲ್ಲಿ ಇಲ್ಲ. ಸಂಸದರ ಕೈಯಲ್ಲೂ ಇಲ್ಲ. ಕಟ್ಟಡಕ್ಕೆ ಲೈಸೆನ್ಸ್ ಕೊಡುವುದು ಪಾಲಿಕೆ. ನೀರು ನಿಲ್ಲಿಸಿದ ಬಿಲ್ಡರಿಗೆ ದಂಡ ಹಾಕುವುದು ಪಾಲಿಕೆ. ಚರಂಡಿ, ಕಸ, ತುಂಬೆ ಡ್ಯಾಮಿನಿಂದ ಬರುವ ಕುಡಿಯುವ ನೀರು, ಎಲ್ಲ ಅಲ್ಲಿಯದೇ. 2015ರಲ್ಲಿ ಮಲೇರಿಯಾ ಕೇಸುಗಳನ್ನು ಅಲ್ಲಲ್ಲೇ ಟ್ಯಾಬಿನಲ್ಲಿ ದಾಖಲಿಸಿ, ಆ ಮನೆಯ ಸುತ್ತ ಕೂಡಲೇ ಹುಡುಕುವ ವ್ಯವಸ್ಥೆ ಬಂತು. ಆಮೇಲಿನ ವರ್ಷಗಳಲ್ಲಿ ಕೇಸು ತುಂಬಾ ಇಳಿಯಿತು. ಮದ್ದು ಹಳೆಯದೇ, ಸೊಳ್ಳೆಯೂ ಹಳೆಯದೇ. ಕೇಳುವವರು, ಲೆಕ್ಕ ಇಡುವವರು ಬಂದದ್ದು ಹೊಸದು.

ಕೇಳದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. 2019ರ ಆಗಸ್ಟಿನ ಮಳೆಗೆ, ನಮ್ಮ ಪೇಟೆಯ ಕಸ ಸುರಿಯುವ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರಕ್ಕೆ ಇಳಿಯಿತು. ಮನೆ, ತೋಟ, ಬಾವಿ ಎಲ್ಲದರ ಮೇಲೂ ನಮ್ಮ ಕಸ. 27 ಕುಟುಂಬ ಮನೆ ಬಿಡಬೇಕಾಯಿತು. ಅಡಿಕೆ ಮರದ ತಲೆ ಮಾತ್ರ ಕಸದಿಂದ ಮೇಲೆ ಕಾಣುತ್ತಿದ್ದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು.

ಉಡುಪಿಯಿಂದ ಬಂದವರು ಕೆಲವರು ಇದ್ದೀರಿ. ನಿಮ್ಮ ಊರಿನದು ಒಂದು ಒಳ್ಳೆಯ ಕಥೆ. 1968ರಲ್ಲಿ ಡಾ. ವಿ. ಎಸ್. ಆಚಾರ್ಯ ಉಡುಪಿ ಪುರಸಭೆಯ ಅಧ್ಯಕ್ಷರಾದರು. ಆಗ ಪೇಟೆಯಲ್ಲಿ ಬಕೆಟ್ ಕಕ್ಕಸು. ಬೆಳಗಾಗುವ ಮೊದಲು ಮನೆ ಹಿಂದಿನಿಂದ ಬಂದು ಅದನ್ನು ತಲೆ ಮೇಲೆ ಹೊತ್ತುಕೊಂಡು ಹೋಗುವ ಜನ. ಅವರು ಯಾವ ಜಾತಿಯವರು ಅಂತ ನಾನು ಹೇಳಬೇಕಾಗಿಲ್ಲ. ಆಚಾರ್ಯರ ಅವಧಿಯಲ್ಲಿ ಉಡುಪಿ ಆ ಪದ್ಧತಿಯನ್ನು ನಿಲ್ಲಿಸಿತು. ದೇಶದಲ್ಲಿ ಮೊದಲು ನಿಲ್ಲಿಸಿದ ಊರುಗಳಲ್ಲಿ ಒಂದು ಎಂಬ ಹೆಸರು ಬಂತು. ಎಪ್ಪತ್ತರ ದಶಕದ ಶುರುವಿನಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಇಡೀ ರಾಜ್ಯದಲ್ಲಿ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬರಲು 1993 ಆಗಬೇಕಾಯಿತು. ಒಬ್ಬರು ಜನಸಂಘ, ಒಬ್ಬರು ಕಾಂಗ್ರೆಸ್, ಆ ಚರ್ಚೆ ಇಲ್ಲಿ ಬೇಡ. ಒಂದು ಪುರಸಭೆ ದೇಶಕ್ಕಿಂತ ಇಪ್ಪತ್ತು ವರ್ಷ ಮುಂದೆ ಹೋಗಬಹುದು ಅನ್ನುವುದಕ್ಕೆ ಇದನ್ನು ಹೇಳಿದೆ. ಟೈಫಾಯ್ಡ್, ಕಾಲರಾ, ಕೊಕ್ಕೆಹುಳಕ್ಕೆ ನೂರು ಆಸ್ಪತ್ರೆ ಮಾಡದ ಕೆಲಸವನ್ನು ಒಂದು ಒಳ್ಳೆಯ ಕಕ್ಕಸು ಮಾಡುತ್ತದೆ.

ಇದೆಲ್ಲ ಊರಿನ ಸುದ್ದಿ, ಸಂಶೋಧನೆ ಏನು ಹೇಳುತ್ತದೆ ಅಂತ ಕಾಲೇಜಿನ ಹುಡುಗಿಯೊಬ್ಬಳು ಆಗಲೇ ಕೇಳಿದಳು. ನನಗೆ ಇಷ್ಟವಾದದ್ದು ಬ್ರೆಜಿಲಿನದ್ದು. ಅಲ್ಲಿ ಮೊದಲು ಬ್ಯಾಲೆಟ್ ಕಾಗದದಲ್ಲಿ ಅಭ್ಯರ್ಥಿಯ ಹೆಸರನ್ನೋ ನಂಬರನ್ನೋ ಬರೆಯಬೇಕಿತ್ತು. ಓದು ಬಾರದ ಬಡವರ ವೋಟು ರಾಶಿ ರಾಶಿ ತಿರಸ್ಕಾರವಾಗುತ್ತಿತ್ತು. ತೊಂಬತ್ತರ ದಶಕದಲ್ಲಿ ಮತಯಂತ್ರ ಬಂತು. ನಂಬರ್ ಒತ್ತಿದರೆ ಅಭ್ಯರ್ಥಿಯ ಫೋಟೋ ಕಾಣುತ್ತದೆ, ಹೌದು ಅಂತ ಒತ್ತಿದರೆ ಮುಗೀತು. ಬಡವರ ವೋಟು ಲೆಕ್ಕಕ್ಕೆ ಬಂತು. ಆಮೇಲೆ ನೋಡಿದರೆ ಅಲ್ಲಿನ ರಾಜ್ಯ ಸರ್ಕಾರಗಳು ಆರೋಗ್ಯಕ್ಕೆ ಇಡುವ ದುಡ್ಡು ಜಾಸ್ತಿಯಾಗಿತ್ತು. ಓದದ ತಾಯಂದಿರು ಬಸುರಿಯಾಗಿದ್ದಾಗ ಡಾಕ್ಟರ ಹತ್ತಿರ ಹೋಗುವುದು ಜಾಸ್ತಿಯಾಗಿತ್ತು. ಅವರಿಗೆ ಕಡಿಮೆ ತೂಕದ ಮಕ್ಕಳು ಹುಟ್ಟುವುದು ಕಡಿಮೆಯಾಗಿತ್ತು. ಯಾರೂ ಭಾಷಣ ಮಾಡಿ ಆದದ್ದಲ್ಲ ಅದು.

ನಮ್ಮ ದೇಶದ್ದೇ ಒಂದು. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ಮೀಸಲಿನಿಂದ ಹೆಂಗಸರು ಪಂಚಾಯತ್ ಮುಖ್ಯಸ್ಥರಾದ ಕಡೆ ಕುಡಿಯುವ ನೀರಿಗೆ ಜಾಸ್ತಿ ಖರ್ಚಾಗಿತ್ತು. ನೀರು ಹೊರುವವರು ಯಾರು ಅಂತ ಗೊತ್ತಿದ್ದರೆ ಇದಕ್ಕೆ ಸಂಶೋಧನೆಯೂ ಬೇಡ. ಇನ್ನೊಂದು ಉಗಾಂಡದ್ದು. ಊರವರನ್ನೂ ಆಸ್ಪತ್ರೆ ಸಿಬ್ಬಂದಿಯನ್ನೂ ಎದುರು ಬದುರು ಕೂರಿಸಿ, ಆಸ್ಪತ್ರೆಯ ಕೆಲಸದ ಲೆಕ್ಕ ಓದಿ ಹೇಳಿ, ಮುಂದೇನು ಅಂತ ಬರೆಸಿದರು. ವರ್ಷದಲ್ಲಿ ಸಣ್ಣ ಮಕ್ಕಳ ಸಾವು ಮೂರನೇ ಒಂದು ಭಾಗ ಇಳಿಯಿತು ಅಂತ ವರದಿ. ಆಮೇಲೆ ಅದೇ ದೇಶದಲ್ಲಿ ಇನ್ನೂ ದೊಡ್ಡದಾಗಿ ಮಾಡಿ ನೋಡಿದಾಗ ಸಾವಿನ ಲೆಕ್ಕದಲ್ಲಿ ಆ ಫಲ ಸಿಗಲಿಲ್ಲ. ಹಾಗಾಗಿ ಸಭೆ ಕರೆದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಯಾರು ಕೇಳುತ್ತಾರೆ, ಹೇಗೆ ಕೇಳುತ್ತಾರೆ, ಅದರ ಮೇಲೆ ಉಂಟು.

ಈಗ ಆ ಗ್ರಾಮಸಭೆ. ಊರಿನ ಹೆಸರು ಬೇಡ, ಘಟ್ಟದ ಬುಡದ ಒಂದು ಪಂಚಾಯತ್. ವೇದಿಕೆ ಮೇಲೆ ನಾವು ಇಲಾಖೆಯವರು ಹನ್ನೆರಡು ಜನ. ಕೆಳಗೆ ಊರವರು ಮೂವತ್ತು-ನಲವತ್ತು. ಹಿಂದೆ ನಾಲ್ಕು ಸಾಲು ಖಾಲಿ ಕುರ್ಚಿ. ಕೃಷಿಯವರು ಓದಿದರು, ಪಶುವೈದ್ಯರು ಓದಿದರು, ಆಮೇಲೆ ನಾನು. ಅಡಿಕೆ ಹಾಳೆಯಲ್ಲಿ ನೀರು ನಿಲ್ಲಲು ಬಿಡಬೇಡಿ, ರಬ್ಬರ್ ಚಿಪ್ಪು ಕವುಚಿ ಹಾಕಿ, ಅಂತ ಪ್ರತಿ ವರ್ಷದ ಅದೇ ಕಾಗದ. ಓದಿ ಕೂರುವಷ್ಟರಲ್ಲಿ ಎರಡನೇ ಸಾಲಿನಿಂದ ಒಬ್ಬರು ಎದ್ದರು. ಐವತ್ತರ ಆಸುಪಾಸು, ಬೀಡಿ ಕಟ್ಟುವವರು. ಕೈಯಲ್ಲಿ ಬಿ.ಪಿ. ಕಾರ್ಡು.

‘ಸರ್, ನಿಮ್ಮ ಆಸ್ಪತ್ರೆಯಲ್ಲಿ ಬಿ.ಪಿ. ಮಾತ್ರೆ ಹತ್ತು ದಿನಕ್ಕೆ ಮಾತ್ರ ಕೊಡ್ತೀರಿ. ತಿಂಗಳಿಗೆ ಮೂರು ಸಲ ಬರಬೇಕು. ಬಂದ ದಿನ ಬೀಡಿ ಅರ್ಧಕ್ಕರ್ಧ. ಹಾಗಾಗಿ ಎರಡು ಸಲ ಬರ್ತೇನೆ, ಉಳಿದ ಹತ್ತು ದಿನ ಮಾತ್ರೆ ಇಲ್ಲ. ಮತ್ತೆ ಬಂದಾಗ ಬಿ.ಪಿ. ಏರಿದೆ ಅಂತ ಡಾಕ್ಟ್ರು ಬೈತಾರೆ. ಬೈಯುವುದು ಯಾರಿಗೆ?’

ನಾನು ಅಂದೆ, ‘ಸ್ಟಾಕ್ ಕಡಿಮೆ ಅಕ್ಕ.’

‘ಕಡಿಮೆ ಅಂತ ನೀವು ಯಾರಿಗೆ ಬರೆದಿದ್ದೀರಿ?’

ನಾನು ಯಾರಿಗೂ ಬರೆದಿರಲಿಲ್ಲ. ಆರು ತಿಂಗಳಿಂದ ಹತ್ತು ಹತ್ತು ಮಾತ್ರೆ ಎಣಿಸಿ ಕೊಡುತ್ತಿದ್ದೆವು, ಅದೇ ಪದ್ಧತಿ ಆಗಿಹೋಗಿತ್ತು. ಹಿಂದಿನ ವರ್ಷದ ರೋಗಿಗಳ ಲೆಕ್ಕದ ಮೇಲೆ ಇಂಡೆಂಟ್, ಅಂದರೆ ಮದ್ದಿನ ಬೇಡಿಕೆ ಪಟ್ಟಿ, ಹೋಗಿತ್ತು, ಹೊಸದಾಗಿ ಪತ್ತೆಯಾದವರ ಹೆಸರು ಅದರಲ್ಲಿ ಇರಲಿಲ್ಲ. ಇಷ್ಟೇ ವಿಷಯ. ವೇದಿಕೆ ಮೇಲೆ ಕೂತ ನನಗೆ ಬೆವರು.

ಪಂಚಾಯತಿನ ಅಧಿಕಾರಿ ಪಿಡಿಒ ನಡಾವಳಿ ಪುಸ್ತಕದಲ್ಲಿ ‘ಪರಿಶೀಲಿಸಲು ತೀರ್ಮಾನಿಸಲಾಯಿತು’ ಅಂತ ಬರೆಯಲು ಹೊರಟರು. ಆ ಅಕ್ಕ ಕೂತಿರಲಿಲ್ಲ. ‘ಪರಿಶೀಲನೆ ಬೇಡ ಸರ್, ಯಾವ ತಾರೀಕಿನ ಒಳಗೆ ಅಂತ ಬರೀರಿ’ ಅಂದರು. ಬರೆದರು. ಇವರು ಹಿಂದೆ ಒಂದು ಅವಧಿಗೆ ಪಂಚಾಯತ್ ಸದಸ್ಯೆಯಾಗಿದ್ದವರು ಅಂತ ಚಹಾ ಕುಡಿಯುವಾಗ ಗೊತ್ತಾಯಿತು. ಮಹಿಳಾ ಮೀಸಲಿನಲ್ಲಿ ಗೆದ್ದಿದ್ದರಂತೆ, ಮುಂದಿನ ಸಲ ಮೀಸಲು ಬದಲಾದಾಗ ಟಿಕೆಟ್ ಸಿಗಲಿಲ್ಲವಂತೆ. ಗ್ರಾಮ ಪಂಚಾಯತ್ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಆದರೆ ಟಿಕೆಟ್ ಉಂಟು. ನಮ್ಮಲ್ಲಿ ಹಾಗೆ. ಕುರ್ಚಿ ಹೋಯಿತು, ಆದರೆ ನಡಾವಳಿಯಲ್ಲಿ ಏನು ಬರೆಸಬೇಕು ಅನ್ನುವ ವಿದ್ಯೆ ಅವರ ಕೈಯಲ್ಲೇ ಉಳಿಯಿತು.

ಎರಡು ತಿಂಗಳಲ್ಲಿ ಮಾತ್ರೆ ತಿಂಗಳಿಗೆ ಮೂವತ್ತು ಆಯಿತು, ಅವರೊಬ್ಬರಿಗಲ್ಲ, ರಿಜಿಸ್ಟರಿನಲ್ಲಿ ಇದ್ದ ಎಲ್ಲರಿಗೂ. ಬಸ್ಸಿಲ್ಲದ ಕಡೆಗೆ ಉಪಕೇಂದ್ರದ ಸಿಸ್ಟರ್ ತೆಗೆದುಕೊಂಡು ಹೋಗತೊಡಗಿದರು. ಮುಂದೆ ಒಮ್ಮೆ ಆ ಅಕ್ಕನ ಕಾರ್ಡು ನೋಡಿದೆ. 170 ಇದ್ದದ್ದು 140ಕ್ಕೆ ಬಂದಿತ್ತು.

ಅವರು ಕೇಳಿದ್ದು ನನ್ನನ್ನು. ನಾನು ನಮ್ಮ ಡಾಕ್ಟರನ್ನು ಕೇಳಿದೆ, ಅವರು ತಾಲೂಕು ಆರೋಗ್ಯಾಧಿಕಾರಿಯನ್ನು, ಅವರು ಜಿಲ್ಲಾ ಆರೋಗ್ಯಾಧಿಕಾರಿಯಾದ ಡಿಎಚ್‌ಒ ಅವರನ್ನು. ಡಿಎಚ್‌ಒ ಅವರನ್ನು ಕೇಳುವವರು ಯಾರು? ಜಿಲ್ಲಾ ಪಂಚಾಯತ್ ಸದಸ್ಯರು. ಅಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಅಂತಲೇ ಒಂದು ಉಂಟು. ಸಭೆಯ ಹಿಂದಿನ ದಿನ ನಮ್ಮ ಫೋನು ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ‘ಇಂಥ ಊರಿನ ಆಂಬುಲೆನ್ಸ್ ಏನಾಯಿತು, ಸದಸ್ಯರು ಕೇಳ್ತಾರೆ, ಉತ್ತರ ಕಳಿಸಿ.’ ಆಗ ಬೈದುಕೊಳ್ಳುತ್ತಿದ್ದೆವು. ಈಗ ಅದರ ಬೆಲೆ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ಆಯಿತು. 2021ರ ಬೇಸಿಗೆಯಲ್ಲಿ ಅವಧಿ ಮುಗಿಯಿತು. ತಿಂಗಳು ನೆನಪು ಮಾಡಿಕೊಳ್ಳಿ, ಕೊರೊನಾ ಎರಡನೇ ಅಲೆಯ ಹೊತ್ತು. ಆಕ್ಸಿಜನ್ ಎಲ್ಲಿ ಅಂತ ಊರಿಡೀ ಕೇಳುತ್ತಿದ್ದಾಗ ಜಿಲ್ಲಾ ಪಂಚಾಯತಿನಲ್ಲಿ ಕೇಳುವವರ ಕುರ್ಚಿ ಖಾಲಿಯಾಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಎಳೆದು ನಾಲ್ಕು ವರ್ಷ ದಾಟಿದರೂ ಚುನಾವಣೆ ಆಗಲಿಲ್ಲ. ನಮ್ಮ ಪಾಲಿಕೆಯ ಅವಧಿಯೂ 2025ರ ಫೆಬ್ರವರಿಯಲ್ಲಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋಯಿತು. ಅಧಿಕಾರಿಗಳು ಕೆಟ್ಟವರು ಅಂತಲ್ಲ. ನಾನೂ ಅದೇ ಗುಂಪಿನವನು. ಆದರೆ ಮುಂದಿನ ಸಲ ವೋಟು ಕೇಳಬೇಕಲ್ಲ ಅನ್ನುವ ಹೆದರಿಕೆ ಇರುವವರು ಯಾರಾದರೂ ಒಬ್ಬರು ಎದುರು ಇರಬೇಕು, ಮಾರಾಯ್ರೆ. ಲೋಕಸಭೆ ಚುನಾವಣೆ ಆರು ತಿಂಗಳು ತಡವಾದರೆ ದೇಶ ಹೊತ್ತಿ ಉರಿಯುತ್ತದೆ. ಜಿಲ್ಲಾ ಪಂಚಾಯತಿನಲ್ಲಿ ಸದಸ್ಯರೇ ಇಲ್ಲ ಅಂತ ಈ ಹಾಲ್‌ನಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಕೈ ಎತ್ತಿ ಅಂದೆ. ಮೂರು ಕೈ ಎದ್ದವು. ಒಂದು ಮಾಜಿ ಸದಸ್ಯರದ್ದು.

ವೋಟಿಗೆ ಒಂದು ಬೇಲಿಯೂ ಉಂಟು. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಹೆದರಿಕೆಗೆ, ತಲಪಾಡಿಯಲ್ಲಿ ಕರ್ನಾಟಕ ಕೇರಳದ ಕಡೆಯ ಗಡಿ ಮುಚ್ಚಿದ್ದು ನೆನಪಿದೆಯಾ? ಕಾಸರಗೋಡಿನವರಿಗೆ ತಲೆತಲಾಂತರದಿಂದ ಆಸ್ಪತ್ರೆ ಅಂದರೆ ಮಂಗಳೂರು. ಇಲ್ಲಿನ ಸರ್ಕಾರಿ ಆಸ್ಪತ್ರೆ ವೆನ್ಲಾಕಿನಲ್ಲಿ ಮಲಯಾಳ ಕೇಳದ ದಿನವೇ ಇಲ್ಲ. 1956ರಲ್ಲಿ ಗಡಿ ಬದಲಾಯಿತು, ರೋಗಿಗಳ ದಾರಿ ಬದಲಾಗಲಿಲ್ಲ. ಆ ವಾರ ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು. ಚಿಕಿತ್ಸೆ ಸಿಗದೆ ಜನ ತೀರಿಕೊಂಡರು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಹೋಗಿ ಏಪ್ರಿಲಿನಲ್ಲಿ ದಾರಿಯಾಯಿತು. ಸೋಂಕಿನ ಹೆದರಿಕೆ ಸುಳ್ಳಲ್ಲ. ಆದರೆ ಗಡಿ ಮುಚ್ಚುವವರಿಗೆ ಆಚೆಯವರ ಒಂದು ವೋಟೂ ಬರುವುದಿಲ್ಲ ಅನ್ನುವುದೂ ಸುಳ್ಳಲ್ಲ. ಕಾಸರಗೋಡಿನಲ್ಲಿ ದೊಡ್ಡ ಆಸ್ಪತ್ರೆ ಯಾಕಿಲ್ಲ ಅಂತ ಆಚೆ ಕಡೆ ಜೋರಾಗಿ ಕೇಳತೊಡಗಿದ್ದು ಅದಾದ ಮೇಲೆ.

ಉತ್ತರ ಕನ್ನಡದ್ದೂ ಅದೇ ಹಾಡು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆತರುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲಿನಲ್ಲಿ ಜಾರಿ ಬಡಿದು ನಾಲ್ವರು ಸತ್ತರು. ಆ ವಿಡಿಯೊ ನೀವೆಲ್ಲ ನೋಡಿದ್ದೀರಿ. ನಮ್ಮ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ, ಇಲ್ಲದಿದ್ದರೆ ವೋಟಿಲ್ಲ ಅಂತ ಅಲ್ಲಿನ ಹುಡುಗರು ಎದ್ದರು. ಬಹಿಷ್ಕಾರದ ಬಗ್ಗೆ ನನಗೆ ಎರಡು ಮನಸ್ಸು. ರಸ್ತೆ ಬದಿಗೆ ಬ್ಯಾನರ್ ಕಟ್ಟಿದ ವಾರದಲ್ಲೇ ತಹಶೀಲ್ದಾರರು ಓಡಿ ಬರುವುದನ್ನು ನೋಡಿದ್ದೇನೆ. ನಿಜಕ್ಕೂ ವೋಟು ಹಾಕದೆ ಕೂತ ಊರನ್ನು ಮುಂದಿನ ಐದು ವರ್ಷ ಯಾರೂ ತಿರುಗಿ ನೋಡದೆ ಇದ್ದದ್ದನ್ನೂ ನೋಡಿದ್ದೇನೆ. ಹೆದರಿಸಲಿಕ್ಕೆ ಒಳ್ಳೆಯದು, ಮಾಡಲಿಕ್ಕೆ ಅಲ್ಲ.

ನಮ್ಮ ಜಿಲ್ಲೆಯದೇ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ, ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಸಂತ್ರಸ್ತರಿಗೆ ಹೆದರಿಸುವಷ್ಟು ವೋಟೂ ಇರಲಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, ಮಕ್ಕಳು ಹಾಸಿಗೆ ಹಿಡಿದದ್ದು. ಅವರು ಧರಣಿ ಕೂತರು, ಕೋರ್ಟಿಗೆ ಹೋದರು, ಮಾಸಾಶನ ಪಡೆದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. ಹಾಸಿಗೆ ಹಿಡಿದವರ ಮನೆಯಲ್ಲಿ ವೋಟಿಗೆ ಹೋಗುವುದೂ ಕಷ್ಟ, ನೋಡಿಕೊಳ್ಳಲು ಒಬ್ಬರು ಉಳಿಯಲೇಬೇಕು. 2023ರ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರಿಗೂ ಅಂಗವಿಕಲರಿಗೂ ಮನೆಯಲ್ಲೇ ವೋಟು ಹಾಕುವ ಅವಕಾಶ ಬಂತು. 2024ರಲ್ಲಿ ಆ ವಯಸ್ಸನ್ನು 85ಕ್ಕೆ ಏರಿಸಿದರು. ಡಯಾಲಿಸಿಸಿಗೆ ವಾರಕ್ಕೆ ಮೂರು ಸಲ ಹೋಗುವ 60ರವರಿಗೆ ಈ ಬಾಗಿಲು ಇನ್ನೂ ತೆರೆದಿಲ್ಲ.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಪ್ರಶ್ನೆ ಉಂಟಾ ಅಂದಾಗ ಹಿಂದೆ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹುಡುಗ ಕೈ ಎತ್ತಿದ. ಕೊಪ್ಪಳದ ಕಡೆಯವನು. ಪಕ್ಕದ ರಸ್ತೆಯ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸ, ಶೆಡ್ಡಿನಲ್ಲಿ ವಾಸ.

‘ನಮ್ಮ ಓಟು ಊರಾಗ ಐತ್ರಿ ಸರ. ಇಲ್ಲಿ ನಾವು ಯಾರನ್ನ ಕೇಳೂದು?’

ಫಾರಂ 8 ತುಂಬಿ ವೋಟು ಇಲ್ಲಿಗೆ ವರ್ಗ ಮಾಡಿಸಬಹುದು ಅಂದೆ. ಅವನು ತಲೆ ಅಲ್ಲಾಡಿಸಿದ. ಮಳೆಗಾಲ ಮುಗಿದರೆ ಕೆಲಸ ಎಲ್ಲಿಗೋ, ಶೆಡ್ಡು ಎಲ್ಲಿಗೋ. ಊರಿನ ಪಟ್ಟಿಯಲ್ಲಿ ಹೆಸರು ಬಿಡಲಿಕ್ಕೆ ಅವನಿಗೆ ಮನಸ್ಸಿಲ್ಲ. ಸೊಳ್ಳೆಗೆ ವೋಟರ್ ಲಿಸ್ಟ್ ಗೊತ್ತಿಲ್ಲ, ಅವನನ್ನು ಕಚ್ಚಿದ್ದೇ ನಾಳೆ ನಮ್ಮನ್ನೂ ಕಚ್ಚುತ್ತದೆ ಅಂತ ಹೇಳಲು ಹೊರಟೆ. ಅಷ್ಟರಲ್ಲಿ ಬನ್ಸ್ ತಿಂದ ಹಿರಿಯರಲ್ಲಿ ಒಬ್ಬರು ಎದ್ದು, ‘ನಿಮ್ಮ ಕಟ್ಟಡ ಯಾವುದು, ಆ ನೀಲಿ ಶೀಟಿನದ್ದಾ?’ ಅಂತ ಅವನನ್ನು ಕೇಳಿದರು. ಹೌದು ಅಂದ. ಶೆಡ್ಡಿನಲ್ಲಿ ಇಬ್ಬರಿಗೆ ಜ್ವರ, ನೆಲಮಹಡಿಯ ಗುಂಡಿಯಲ್ಲಿ ಎರಡು ತಿಂಗಳಿಂದ ನೀರು.

ಸಭೆ ಮುಗಿದ ಮೇಲೆ ನಾವು ಐದಾರು ಜನ ಅಲ್ಲಿಗೆ ಹೋದೆವು. ಟಾರ್ಚ್ ನನ್ನ ಹತ್ತಿರ ಯಾವಾಗಲೂ ಇರುತ್ತದೆ. ಮರಿಗಳು ಚಪ್ಪಟೆಯಾಗಿ ಮಲಗಿದ್ದವು. ಹಿರಿಯರು ಫೋಟೋ ತೆಗೆದುಕೊಂಡರು, ದೂರಿನ ಕಾಗದಕ್ಕೆ ಮೊದಲ ಸಹಿ ಅವರದ್ದೇ. ಎರಡನೆಯದು ಆ ಹುಡುಗನದ್ದು. ವಿಳಾಸ ಅಂತ ಇದ್ದ ಕಡೆ ಏನು ಬರೆಯುವುದು ಅಂತ ಕೇಳಿದ. ನೀಲಿ ಶೀಟಿನ ಕಟ್ಟಡ ಅಂತಲೇ ಬರಿ ಅಂದೆವು.